ನಮ್ಮತ್ತೆಯ ಎಡ ಮಂಡಿ ಮತ್ತು ಪ್ರಾಚೀನ ಪ್ರಪಂಚ

ಮೊನ್ನೆ ನನ್ನ ನಾದಿನಿ ಬಂದಿದ್ದಳು. ಸಾರಿಗೆ ಒಗ್ಗರಣೆ ಹಾಕುತ್ತೇನೆಂದು ಅಡುಗೆಮನೆಗೆ ಹೋದವಳು ಅಲ್ಲಿಂದಲೇ, "ಅತ್ತಿಗೆ, ಸಾಸಿವೆ ಎಲ್ಲಿಟ್ಟಿದೀರಾ?" ಎಂದು ಕೇಳಿದಳು. ಹಜಾರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ತಲೆಯೆತ್ತದೆ, "ಮೆಸಪಟೇಮ್ಯದಲ್ಲಿದೆ ನೋಡು" ಎಂದರು. ನಾದಿನಿ ಬಾಗಿಲಿಗೆ ಬಂದು ಒಮ್ಮೆ ತನ್ನ ತಾಯಿಯ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ವಯಸ್ಸಾದವರಿಗೆ ಏನೇನೋ ಆಗುತ್ತದೆ, ಅತ್ತಿಗೆ ಫೋನಿನಲ್ಲಿ ಹೇಳಲೇ ಇಲ್ಲವಲ್ಲ ಎಂಬುದು ಅವಳ ಮುಖದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

ಅತ್ತೆಗೆ ಏನೂ ಆಗಿರಲಿಲ್ಲ. ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯ ಮೇಲೆ ಮೆಸೊಪೊಟೇಮಿಯ ಎಂದೇ ಚೀಟಿ ಅಂಟಿಸಿದೆ. ಸಕ್ಕರೆ ಇರುವುದು ಸಿಂಧೂ ಕಣಿವೆಯಲ್ಲಿ. ರಾಗಿಹಿಟ್ಟಿನ ದೊಡ್ಡ ಡ್ರಮ್ಮು ಈಜಿಪ್ಟು. ಅಸ್ಸೀರಿಯದವರು ಯಾವಾಗ ನೋಡಿದರೂ ಯಾರ ಮೇಲಾದರೂ ಏರಿ ಹೋಗುತ್ತಿದ್ದರು ಎಂದು ಪಾಠದಲ್ಲಿ ಓದಿದ್ದರಿಂದ ಆ ಹೆಸರನ್ನು ಖಾರದಪುಡಿಗೆ ಕೊಟ್ಟಿದ್ದೆ. ಪರೀಕ್ಷೆಗೆ ಹೆಸರುಗಳು ನೆನಪಿರಲಿ ಎಂದು ನಾನು ಮಾಡಿಕೊಂಡ ಉಪಾಯ ಅದು. ಪರೀಕ್ಷೆ ಮುಗಿದು ವರ್ಷವಾಯಿತು. ಅಂಟು ಗಟ್ಟಿಯಾಗಿದೆ, ಚೀಟಿ ಬಿಡುತ್ತಿಲ್ಲ.

ನಾನು ಸಾಸಲಿನ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಇಪ್ಪತ್ತೆರಡು ವರ್ಷ ಅದೇ ಕೋಣೆ, ಅದೇ ಕಪ್ಪುಹಲಗೆ. ಮಕ್ಕಳು ಮಾತ್ರ ಬದಲಾಗುತ್ತಿದ್ದರು. ಮೊದಲ ವರ್ಷ ನನ್ನ ಸೆರಗಿಗೆ ಮೂಗು ಒರೆಸಿದವನು ಈಗ ತನ್ನ ಮಗನನ್ನು ಅದೇ ಕೆಲಸಕ್ಕೆ ಕಳಿಸುತ್ತಿದ್ದ. ಮೇಲ್ವಿಚಾರಕಿಯಾಗಬೇಕೆಂದರೆ ಪದವಿ ಬೇಕು. ನನ್ನ ಬಿ.ಎ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ನಿಂತುಹೋಗಿತ್ತು. ನಿಂತದ್ದಕ್ಕೆ ಕಾರಣರಾದವರು ನಮ್ಮ ಯಜಮಾನರು ರಂಗಪ್ಪನವರು. ಅವರೇನೂ ಮಾಡಲಿಲ್ಲ, ಹೆಣ್ಣು ನೋಡಲು ಬಂದು ಒಪ್ಪಿಕೊಂಡರು ಅಷ್ಟೆ. ಉಳಿದ ಪತ್ರಿಕೆಗಳನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಮುಗಿಸಬಹುದು ಎಂದು ಗೊತ್ತಾದಾಗ ನನಗೆ ನಲವತ್ತಾರು ತುಂಬಿತ್ತು. ಒಂದೊಂದೇ ಮುಗಿಸುತ್ತ ಬಂದೆ. ಕೊನೆಗೆ ಉಳಿದದ್ದು ಒಂದು ಆಯ್ಕೆಯ ವಿಷಯ. ಪಟ್ಟಿಯಲ್ಲಿ 'ಪ್ರಾಚೀನ ಪ್ರಪಂಚದ ಇತಿಹಾಸ: ಬರವಣಿಗೆ ಪ್ರಧಾನ' ಎಂದು ಕಂಡಿತು. ತಕ್ಷಣ ಗುಂಡಿ ಒತ್ತಿದೆ.

ಒತ್ತಿದ್ದು ಯಾಕೆ ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ನನ್ನ ಅಕ್ಷರ ದುಂಡಗಿದೆ. ಶಾಲೆಯಲ್ಲಿ ಕೈಬರಹಕ್ಕೆ ಎರಡು ಸಲ ಸೋಪಿನ ಡಬ್ಬಿ ಬಹುಮಾನ ಬಂದಿದೆ. ಬರವಣಿಗೆ ಪ್ರಧಾನ ಎಂದರೆ ಅಕ್ಷರ ಚೆನ್ನಾಗಿದ್ದವರಿಗೆ ಅಂಕ ಜಾಸ್ತಿ ಎಂದು ತಿಳಿದಿದ್ದೆ.

ಮೊದಲ ತರಗತಿಯಲ್ಲೇ ವಸುಧಾ ಮೇಡಂ ಆ ಭ್ರಮೆ ಬಿಡಿಸಿದರು. ಅವರು ಮೈಸೂರಿನಲ್ಲಿ ಕೂತು ಪಾಠ ಮಾಡುತ್ತಿದ್ದರು. ತೆಳ್ಳಗೆ, ಕನ್ನಡಕದ ಮೇಲಿಂದ ನೋಡುವವರು. ಎಂಟು ವಾರ, ವಾರಕ್ಕೊಂದು ಪ್ರಬಂಧ, ಒಂದೊಂದೂ ಸಾವಿರ ಪದ, ಎಲ್ಲವನ್ನೂ ಟೈಪ್ ಮಾಡಿಯೇ ಕಳಿಸಬೇಕು. ಸಾವಿರ ಪದ ಎಂದರೆ ಎಷ್ಟಾಗಬಹುದು ಎಂದು ಲೆಕ್ಕ ಹಾಕಿದೆ. ನಮ್ಮ ಯಜಮಾನರು ಒಂದು ತಿಂಗಳು ಆಡುವ ಮಾತನ್ನೆಲ್ಲ ಕೂಡಿಸಿದರೂ ಅಷ್ಟಾಗದು. ಅವರ ದಿನ 'ಹೂಂ'ನಿಂದ ಶುರುವಾಗಿ 'ಆಯ್ತು'ವಿನಲ್ಲಿ ಮುಗಿಯುತ್ತದೆ.

ಇತಿಹಾಸವೇನು ನನಗೆ ಹೊಸದಲ್ಲ. ನಾನು ಓದಿದ್ದು ಮಾಕಳಿದುರ್ಗದ ಬುಡದ ಶಾಲೆಯಲ್ಲಿ. ತರಗತಿಯ ಕಿಟಕಿಯಿಂದ ಬೆಟ್ಟದ ಮೇಲಿನ ಕೋಟೆ ಕಾಣುತ್ತಿತ್ತು. ನಮ್ಮ ಮೇಷ್ಟ್ರು ಆ ಕಿಟಕಿಗೆ ಬೆನ್ನು ಹಾಕಿ ನಿಂತು ದೆಹಲಿಯ ಸುಲ್ತಾನರ ಬಗ್ಗೆ ಹೇಳುತ್ತಿದ್ದರು. ಒಂದು ದಿನ ನಾನು, "ಸಾರ್, ಆ ಕೋಟೆ ಯಾರು ಕಟ್ಟಿದ್ದು?" ಎಂದು ಕೇಳಿದೆ. ಅವರು ಹಿಂತಿರುಗಿ ಕೋಟೆಯನ್ನು ಈಗ ತಾನೇ ಕಂಡವರಂತೆ ನೋಡಿ, "ಅದು ಪರೀಕ್ಷೆಗೆ ಬರಲ್ಲ, ಕೂತ್ಕೊ" ಎಂದರು. ಪರೀಕ್ಷೆಗೆ ಬರುತ್ತಿದ್ದ ರಾಜರೆಲ್ಲರಿಗೂ ನನ್ನಲ್ಲಿ ಒಂದೇ ಉತ್ತರವಿತ್ತು: ಇವನು ದಾರಿಯ ಎರಡೂ ಬದಿಯಲ್ಲಿ ಸಾಲುಮರಗಳನ್ನು ನೆಡಿಸಿದನು, ಕೆರೆ ಬಾವಿಗಳನ್ನು ತೋಡಿಸಿದನು, ಇವನ ಕಾಲದಲ್ಲಿ ಪ್ರಜೆಗಳು ಸುಖವಾಗಿದ್ದರು. ಹೆಸರು ಮಾತ್ರ ಬದಲಿಸುತ್ತಿದ್ದೆ. ಈ ಮೂರು ವಾಕ್ಯದ ಬಲದಿಂದ ನಾನು ಎಸ್ಸೆಸ್ಸೆಲ್ಸಿ ದಾಟಿದ್ದೇನೆ.

ಮೊದಲ ವಾರದ ವಿಷಯ ಹಳೆ ಶಿಲಾಯುಗದ ಜೀವನ. ಅಂಗನವಾಡಿ ಮುಗಿಸಿ ಬಂದು, ಸಂಜೆ ಜಗಲಿಯ ಮೇಲೆ ಕೂತು, ಫೋನಿಗೆ ಬಾಯಲ್ಲೇ ಹೇಳಿ ಬರೆಸಿದೆ. ಇಪ್ಪತ್ತೆರಡು ವರ್ಷ ನಾನು ಬರೆದದ್ದು ದಾಖಲೆ ಪುಸ್ತಕ ಮಾತ್ರ. ಹಾಜರಿದ್ದ ಮಕ್ಕಳು ಹದಿನೆಂಟು, ಬೇಯಿಸಿದ ಮೊಟ್ಟೆ ಹದಿನೆಂಟು, ತೂಕ ಕಡಿಮೆಯಾದವರು ಇಬ್ಬರು. ಹೀಗಾಗಿ ಶಿಲಾಯುಗವೂ ಅದೇ ದಾರಿ ಹಿಡಿಯಿತು. 'ಗುಂಪಿನಲ್ಲಿದ್ದವರು ಇಪ್ಪತ್ತೈದು. ಬೇಟೆಗೆ ಹೋದವರು ಎಂಟು. ಹಿಂತಿರುಗಿದವರು ಏಳು. ಕಾರಣ: ಹುಲಿ.' ನಾಲ್ಕು ನೂರು ಪದಕ್ಕೆ ಸರಕು ಮುಗಿಯಿತು. ಹಳೆಯ ಗೆಳೆಯರನ್ನು ಕರೆದೆ. 'ಆದಿಮಾನವನು ದಾರಿಯ ಎರಡೂ ಬದಿಯಲ್ಲಿ ಸಾಲುಮರಗಳನ್ನು ನೆಡಿಸಿದನು' ಎಂದು ಸೇರಿಸಿದೆ. ಕಳಿಸಿ ಬಂದು ನೆಮ್ಮದಿಯಾಗಿ ಮುದ್ದೆ ತಿಂದೆ.

ಮೂರನೇ ದಿನ ತಿದ್ದಿದ ಪ್ರತಿ ಬಂತು. ಸಾಲುಮರದ ಪಕ್ಕದಲ್ಲಿ ಮೇಡಂ, 'ಯಾವ ದಾರಿ?' ಎಂದು ಕೇಳಿದ್ದರು. ಇನ್ನೂ ಕೆಳಗೆ, 'ಆದಿಮಾನವನು ಗುಹೆಗಳಲ್ಲಿ ವಾಸಿಸುತ್ತಿದ್ದನು ಹುಶ್ ಹುಶ್ ಹಾಳಾದ ಕೋಳಿ' ಎಂಬ ವಾಕ್ಯಕ್ಕೆ ಗೆರೆ ಎಳೆದು, 'ಆಗ ಇನ್ನೂ ಕೋಳಿ ಸಾಕಣೆ ಆರಂಭವಾಗಿರಲಿಲ್ಲ' ಎಂದು ಬರೆದಿದ್ದರು. ಅದು ನಾನು ಹೇಳಿದ್ದಲ್ಲ. ಹರಡಿದ್ದ ಹುರುಳಿಗೆ ಬಾಯಿ ಹಾಕಿದ ಕೋಳಿಯನ್ನು ನಮ್ಮತ್ತೆ ಬೈದದ್ದನ್ನೂ ಫೋನು ಶ್ರದ್ಧೆಯಿಂದ ಬರೆದುಕೊಂಡಿತ್ತು. ಕೊನೆಯಲ್ಲಿ ಮೇಡಂ ಬರೆದ ಮಾತು ಹೀಗಿತ್ತು: 'ಇದು ವರದಿ. ಪ್ರಬಂಧದಲ್ಲಿ ನಿಮ್ಮ ಯೋಚನೆ ಇರಬೇಕು. ಇದರ ಬಗ್ಗೆ ನಿಮಗೇನು ಅನ್ನಿಸುತ್ತದೆ?'

ನಾನು ಆ ಸಾಲನ್ನು ಬಹಳ ಹೊತ್ತು ನೋಡಿದೆ. ಎಷ್ಟು ಮಕ್ಕಳು ಬಂದಿದ್ದಾರೆ, ಎಷ್ಟು ಹೊತ್ತಿಗೆ ಬರುತ್ತೀಯ, ಸಾರಿಗೆ ಏನು ಹಾಕಿದೀಯ ಎಂದು ಕೇಳುವವರು ಬೇಕಾದಷ್ಟು ಜನ ಇದ್ದರು. ನಿನಗೇನು ಅನ್ನಿಸುತ್ತದೆ ಎಂದು ಕೇಳಿದವರು ನೆನಪಾಗಲಿಲ್ಲ. ಏನನ್ನಿಸುತ್ತದೆ ಎಂದು ಹುಡುಕಿ ನೋಡಿದೆ. ಹಸಿವು ಅನ್ನಿಸಿತು.

ನಮ್ಮತ್ತೆ ಮುನಿಲಕ್ಷ್ಮಮ್ಮನವರಿಗೆ ಈ ಕಷ್ಟ ಇರಲಿಲ್ಲ. ಅವರಿಗೆ ಎಪ್ಪತ್ನಾಲ್ಕು ವಯಸ್ಸು, ಓದು ಬರಹವಿಲ್ಲ; ಆದರೆ ಯಾವ ವಿಷಯದ ಬಗ್ಗೆಯಾದರೂ ಏನಾದರೊಂದು ಅನ್ನಿಸಿಯೇ ಇರುತ್ತದೆ. ನಾನು ಪಾಠದ ವೀಡಿಯೊ ಹಾಕಿದರೆ ಪಕ್ಕದಲ್ಲಿ ಮೊರ ಹಿಡಿದು ಕೂರುತ್ತಿದ್ದರು. ಬೆಂಕಿಯನ್ನು ಮೊದಲು ಪಳಗಿಸಿದ ಮಾನವನ ಬಗ್ಗೆ ಬಂದಾಗ, "ಅವನು ಗಂಡಸು ಅಂತ ಯಾರು ನೋಡಿದ್ರಂತೆ? ಈ ಮನೇಲಿ ಒಂದು ದಿನ ಒಲೆ ಹಚ್ಚಿದಾನಾ ಯಾವನಾದ್ರೂ?" ಎಂದರು. ಬೇಸಾಯ ಹೇಗೆ ಶುರುವಾಯಿತು ಎಂಬ ಪಾಠ ಬಂದಾಗ ಅವರದೇ ಸಿದ್ಧಾಂತ ಸಿದ್ಧವಿತ್ತು. "ಕೈಗೂಸು ಎತ್ಕೊಂಡು ದಿನಾ ಎಷ್ಟು ದೂರ ಅಂತ ಅಲೀತಾಳೆ? ಯಾರೋ ಒಬ್ಬಳು ನಾನಿನ್ನು ಬರಲ್ಲ ಅಂತ ಕೂತ್ಬಿಟ್ಟವಳೆ. ಅವಳು ಕೂತ ಕಡೆ ಊರಾಯ್ತು, ಅಷ್ಟೇ."

ಎರಡನೇ ವಾರದ ಪ್ರಬಂಧ ಆ ಬೇಸಾಯದ ಬಗ್ಗೆಯೇ. ಪಾಠದಲ್ಲಿ ಒಂದು ಮಾತಿತ್ತು: ಬಹಳ ಹಿಂದಿನ ಕೆಲವು ಹೆಂಗಸರ ಮೂಳೆಗಳಲ್ಲಿ ಮಂಡಿ ಸವೆದಿರುವುದು ಕಂಡಿದೆ, ದಿನವಿಡೀ ಮಂಡಿಯೂರಿ ಕಾಳು ಅರೆದದ್ದರಿಂದ ಹಾಗಾಗಿರಬಹುದು. ಅದನ್ನು ಓದಿ ಹೇಳಿದಾಗ ಅತ್ತೆ ಮೊರ ಕೆಳಗಿಟ್ಟರು. ಎಡ ಮಂಡಿಯ ಮೇಲಿಂದ ಸೀರೆ ಸರಿಸಿ, "ಇಲ್ಲಿ ನೋಡು. ರಾಗಿ ಬೀಸಿ ಬೀಸಿ ಹೋದ ಮಂಡಿ ಇದು" ಎಂದರು. ಆ ಮಂಡಿಯ ಕಥೆ ನಮ್ಮ ಊರಿಗೇ ಗೊತ್ತು. ಮದುವೆಯಾಗಿ ಬಂದ ದಿನದಿಂದ ಕೇಳುತ್ತಿದ್ದೇನೆ. ಅವರು ಮನೆಗೆ ಸೊಸೆಯಾಗಿ ಬಂದಾಗ ಹದಿಮೂರು ಜನರಂತೆ, ಬೆಳಗಾಗುವ ಮುಂಚೆ ಬೀಸೋಕಲ್ಲಿನ ಮುಂದೆ ಒಂದು ಕಾಲು ಚಾಚಿ ಒಂದು ಕಾಲು ಮಡಚಿ ಕೂತರೆ ಮೈಮುರಿಯುವಷ್ಟು ರಾಗಿಯಂತೆ, ಕೊನೆಗೆ ಮಡಚಿದ ಮಂಡಿ ಕೈಕೊಟ್ಟಿತಂತೆ.

ಈ ಸಲ ನನಗೆ ಏನೋ ಅನ್ನಿಸಿತು. ಬೇಸಾಯ ಮನುಷ್ಯನಿಗೆ ಹೊಟ್ಟೆ ತುಂಬಿಸಿತು ಎಂದು ಪುಸ್ತಕ ಹೇಳುತ್ತದೆ, ಅದಕ್ಕೆ ಯಾರ ಮಂಡಿ ಬೆಲೆ ತೆತ್ತಿತು ಎಂದು ಕೇಳಬೇಡವೇ ಎಂದು ಶುರುಮಾಡಿದೆ. 'ನಮ್ಮತ್ತೆಯ ಎಡ ಮಂಡಿ' ಎಂದು ಏಳು ಸಲ ಬಂತು. ಸಾವಿರದ ನಲವತ್ತು ಪದವಾಯಿತು. ಒಂದೂ ಸಾಲುಮರವಿರಲಿಲ್ಲ. ನನಗೇ ನನ್ನ ಮೇಲೆ ಗೌರವ ಬಂತು.

ಮಾರನೆಯ ದಿನ ಮೂರ್ತಿ ಬಂದ. ಮೂರ್ತಿ ನಮ್ಮೂರಿನ ನೀರು ಬಿಡುವವನು. ಮೂವತ್ತಮೂರು ವಯಸ್ಸು, ಇನ್ನೂ ಮದುವೆಯಾಗಿಲ್ಲ, ನಂದಗುಡಿ ಕಡೆ ಹೆಣ್ಣು ನೋಡುತ್ತಿದ್ದರು. ಅವನೂ ಪಂಚಾಯಿತಿಯಲ್ಲಿ ಮೇಲಿನ ಕೆಲಸಕ್ಕೆ ಪದವಿ ಬೇಕೆಂದು ಇದೇ ಕೋರ್ಸಿಗೆ ಸೇರಿದ್ದ. ಯಾಕೆ ಸೇರಿದೆಯಪ್ಪ ಎಂದರೆ, "ನೀವು ಸೇರಿದ್ರಲ್ಲಕ್ಕ, ಸುಲಭ ಇರ್ಬೇಕು ಅಂದ್ಕೊಂಡೆ" ಎಂದಿದ್ದ.

ಜಗಲಿಯ ತುದಿಯಲ್ಲಿ ಕೂತು ಆಚೀಚೆ ನೋಡಿ, "ಅಕ್ಕ, ನಿಮ್ದು ಒಂದ್ಸಲ ಕಳ್ಸಿ. ಹೆಂಗೆ ಶುರು ಮಾಡೋದು ಅಂತ ನೋಡ್ಕೋತೀನಿ ಅಷ್ಟೇ" ಎಂದ.

"ನೋಡೋದಕ್ಕಾ, ಬರ್ಕೊಳೋದಕ್ಕಾ?"

"ಛೇ, ನೋಡೋದಕ್ಕೇ ಕಣಕ್ಕ." ಆಮೇಲೆ ಬೇರೆ ಮಾತು ಎಂಬಂತೆ, "ನಿಮ್ ಬೀದಿಗೆ ನೀರು ಸಾಕಾಗ್ತಿಲ್ಲ ಅಂತಿದ್ರಲ್ಲ, ಈ ವಾರದಿಂದ ಅರ್ಧ ಗಂಟೆ ಜಾಸ್ತಿ ಬಿಡ್ತೀನಿ" ಎಂದ.

ಮುಂದಿನ ಅಧ್ಯಾಯವನ್ನು ನಾನು ಆಗಲೇ ಓದಿದ್ದೆ. ನೀರು ಯಾರ ಹಿಡಿತದಲ್ಲಿತ್ತೋ ಅಧಿಕಾರ ಅವರದಾಗಿತ್ತು, ಹೀಗೆಯೇ ಮೊದಲ ರಾಜರು ಹುಟ್ಟಿಕೊಂಡರು ಎಂದು ಅದರಲ್ಲಿತ್ತು. ಓದಿ ತಿಳಿದೂ ನಾನು ಮೊದಲ ಪ್ರಜೆಯ ಹಾಗೆಯೇ ನಡೆದುಕೊಂಡೆ. ಪ್ರಬಂಧ ಅವನ ವಾಟ್ಸಾಪಿಗೆ ಹೋಯಿತು. ಆ ವಾರ ನಮ್ಮ ಬೀದಿಯವರೆಲ್ಲ ಕಂಬಳಿ ಒಗೆದುಕೊಂಡರು.

ಹತ್ತು ದಿನ ಕಳೆದು ನನಗೊಂದು ಸಂದೇಶ ಬಂತು. 'ನಿಮ್ಮ ಪ್ರಬಂಧವೂ ಮತ್ತೊಬ್ಬ ವಿದ್ಯಾರ್ಥಿಯ ಪ್ರಬಂಧವೂ ನೂರಕ್ಕೆ ತೊಂಬತ್ತೊಂಬತ್ತು ಹೋಲುತ್ತವೆ. ಇಬ್ಬರೂ ಗುರುವಾರ ನಾಲ್ಕೂವರೆಗೆ ವೀಡಿಯೊ ಕರೆಯಲ್ಲಿ ವಿವರಣೆ ನೀಡಬೇಕು. ವಿವರಣೆ ಒಪ್ಪಿಗೆಯಾಗದಿದ್ದರೆ ಇಬ್ಬರನ್ನೂ ಕೋರ್ಸಿನಿಂದ ಕೈಬಿಡಲಾಗುವುದು.' ಕೈಬಿಟ್ಟರೆ ಮುಂದಿನ ವರ್ಷದವರೆಗೆ ಕಾಯಬೇಕು. ಮೇಲ್ವಿಚಾರಕಿಯ ಅರ್ಜಿಗೆ ಅಷ್ಟು ಸಮಯವಿರಲಿಲ್ಲ. ಯಜಮಾನರಿಗೆ ಓದಿ ಹೇಳಿದೆ. ಅವರು ಯೋಚಿಸಿ, "ಆ ಒಂದು ಪರ್ಸೆಂಟು ಯಾವುದು?" ಎಂದರು. ಮೂರ್ತಿಯ ಪ್ರತಿಯ ಮೇಲೆ ಅವನ ಹೆಸರಿತ್ತು, ಅಷ್ಟೇ ವ್ಯತ್ಯಾಸ.

ಗುರುವಾರ ಮೂರ್ತಿ ನಾಲ್ಕು ಗಂಟೆಗೇ ಬಂದ. ಊರಿನಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವುದು ನಮ್ಮ ಮಾಳಿಗೆಯ ಮೇಲೆ. "ಅಕ್ಕ, ಇಬ್ರೂ ಒಟ್ಟಿಗೆ ಓದ್ಕೊಂಡ್ವಿ, ಅದಕ್ಕೇ ಒಂದೇ ಥರ ಬಂತು ಅಂದ್ಬಿಡಿ" ಎಂದು ಬೇಡಿಕೊಂಡ. ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಬೇರೆ ಬೇರೆ ಜಾಗದಲ್ಲಿದ್ದೇವೆ ಎಂದು ಕಾಣಲೆಂದು ಅವನು ನೀರಿನ ಟ್ಯಾಂಕಿನ ಆಚೆ ಹೋಗಿ ನಿಂತ, ನಾನು ಈಚೆ ನಿಂತೆ.

ಪರದೆಯ ಮೇಲೆ ಮೇಡಂ ಬಂದರು. ಸ್ವಲ್ಪ ಹೊತ್ತು ನಮ್ಮಿಬ್ಬರನ್ನೂ ನೋಡಿ, "ಇಬ್ಬರ ಹಿಂದೆಯೂ ಒಂದೇ ಹಸಿರು ಸೀರೆ ಒಣಗ್ತಾ ಇದೆಯಲ್ಲ" ಎಂದರು. ಅದು ಅತ್ತೆಯ ಒಂಬತ್ತು ಗಜದ ಸೀರೆ. ಟ್ಯಾಂಕಿನ ಈ ಕಡೆಯಿಂದ ಆ ಕಡೆಗೆ ಹರಡಿಕೊಂಡಿತ್ತು.

"ಮೂರ್ತಿಯವರೇ, ನಿಮ್ಮ ಪ್ರಬಂಧ ಚೆನ್ನಾಗಿದೆ. ನಿಮ್ಮತ್ತೆಯವರ ಮಂಡಿನೋವು ಈಗ ಹೇಗಿದೆ?"

ಮೂರ್ತಿ ತಾನು ಕಳಿಸಿದ್ದನ್ನು ಓದಿರಲಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಅವನು ಬಹಳ ವಿನಯದಿಂದ, "ಪರವಾಗಿಲ್ಲ ಮೇಡಂ, ಆರಾಮಾಗಿದಾರೆ" ಎಂದ.

"ಯಾವ ಮಂಡಿ?"

"ಎರಡೂ ಆರಾಮು ಮೇಡಂ."

"ನಿಮ್ಮ ಅರ್ಜಿಯಲ್ಲಿ ಅವಿವಾಹಿತ ಅಂತಿದೆ."

ಟ್ಯಾಂಕಿನ ಆಚೆಯಿಂದ ಮೂರ್ತಿ ಮೆಲ್ಲಗೆ, "ನೋಡ್ತಾ ಇದಾರೆ ಮೇಡಂ" ಎಂದ.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಏದುಸಿರು ಕೇಳಿಸಿತು. ಮಂಡಿಯ ನೆಪ ಹೇಳಿ ಐದು ವರ್ಷದಿಂದ ಮಾಳಿಗೆ ಹತ್ತದ ನಮ್ಮತ್ತೆ ಹತ್ತಿ ಬಂದಿದ್ದರು. ಕೆಳಗೆ ಅವರಿಗೆ ಎಲ್ಲ ಕೇಳಿಸಿತ್ತು. ಊರಿಗೂ ಕೇಳಿಸಿತ್ತು, ಯಾಕೆಂದರೆ ಮೂರ್ತಿ ಫೋನನ್ನು ಸ್ಪೀಕರಿಗೆ ಹಾಕಿಕೊಂಡಿದ್ದ. ಅತ್ತೆ ನೇರ ಅವನ ಫೋನಿನ ಮುಂದೆ ಬಂದು, "ಮೇಡಮ್ಮನೋರೇ, ಆ ಮಂಡಿ ನಂದು. ಇವನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ" ಎಂದರು. ಮೇಡಂ ಕೆಮ್ಮಿದರು, ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ನನ್ನ ಕಡೆ ತಿರುಗಿದರು. "ಸುಶೀಲಾ ಅವರೇ, ನೀವೇ ಕೊಟ್ಟಿರಾ?"

ಇಲ್ಲ, ಕದ್ದ ಎನ್ನಬಹುದಿತ್ತು. ಮೂರ್ತಿ ಟ್ಯಾಂಕಿನ ಮೂಲೆಯಿಂದ ಇಣುಕಿ ನನ್ನನ್ನೇ ನೋಡುತ್ತಿದ್ದ. "ನಾನೇ ಕೊಟ್ಟೆ ಮೇಡಂ" ಎಂದೆ.

"ಯಾಕೆ?"

"ನೀರಿಗೋಸ್ಕರ."

ಅದನ್ನು ವಿವರಿಸಲು ಹತ್ತು ನಿಮಿಷ ಹಿಡಿಯಿತು. ಕೊನೆಗೆ ಮೇಡಂ ತೀರ್ಪು ಹೇಳಿದರು. ಈ ಪ್ರಬಂಧಕ್ಕೆ ಇಬ್ಬರಿಗೂ ಸೊನ್ನೆ. ಭಾನುವಾರದೊಳಗೆ ಇಬ್ಬರೂ ಬೇರೆ ಬೇರೆ ಬರೆದು ಕಳಿಸಬೇಕು. ಮೂರ್ತಿ ತನಗೆ ಕಣ್ಣಾರೆ ಗೊತ್ತಿರುವುದನ್ನು ಮಾತ್ರ ಬರೆಯಬೇಕು. ನನಗೆ ಹೇಳಿದ್ದು: "ನೀವು ನಿಮ್ಮತ್ತೆಯವರು ಹೇಳಿದ್ದನ್ನ ಬರೆದಿದೀರಿ. ಆದರೆ ಅವರ ಹೆಸರನ್ನ ಎಲ್ಲೂ ಹಾಕಿಲ್ಲ. ಪುಸ್ತಕದಿಂದ ತಗೊಂಡ್ರೆ ಪುಸ್ತಕದ ಹೆಸರು, ಮನುಷ್ಯರಿಂದ ತಗೊಂಡ್ರೆ ಮನುಷ್ಯರ ಹೆಸರು. ಅದೂ ಕಾಪಿನೇ." ಮೂರ್ತಿಯ ಮೇಲೆ ನನಗಿದ್ದ ಸಿಟ್ಟು ಅರ್ಧ ಇಳಿದುಹೋಯಿತು. ನಾನೂ ಒಂದು ಮಂಡಿ ಕದ್ದವಳೇ.

ಮರುದಿನ ಹಾಲಿನ ಡೇರಿಯ ಮುಂದೆ ಎಲ್ಲರೂ ಮೂರ್ತಿಯನ್ನು, "ಅತ್ತೆ ಮನೆ ಯಾವೂರಪ್ಪ? ನಮಗೆ ಊಟನೇ ಹಾಕಿಸ್ಲಿಲ್ಲ" ಎಂದು ಕೇಳಿದರು. ಸುದ್ದಿ ನಂದಗುಡಿಗೂ ಹೋಗಿ, ಹೆಣ್ಣಿನ ಕಡೆಯವರು ಫೋನು ಮಾಡಿ ವಿಚಾರಿಸಿದರು. ಅವನ ತಾಯಿ ಪ್ರಾಚೀನ ಇತಿಹಾಸದ ಬಗ್ಗೆ ಅವರಿಗೆ ಏನು ಹೇಳಿ ಸಮಾಧಾನ ಮಾಡಿದರೋ ತಿಳಿಯದು. ಪಾಪ ಆ ಹುಡುಗ ಮೂರು ದಿನ ನಮ್ಮ ಜಗಲಿಯಲ್ಲೇ ಕೂತು ಬರೆದ. "ನಂಗೆ ಏನು ಗೊತ್ತಕ್ಕ, ವಾಲ್ವ್ ತಿರುಗ್ಸೋದು ಒಂದೇ ಗೊತ್ತಿರೋದು" ಎಂದು ಗೋಳಾಡುತ್ತಿದ್ದವನಿಗೆ ಅತ್ತೆ, "ಅದನ್ನೇ ಬರೀ ಮತ್ತೆ. ಮೇಲಿನ ಬೀದಿಗೆ ಯಾಕೆ ಮೊದಲು ಬಿಡ್ತೀಯ, ಕೆಳಗಿನ ಬೀದಿಗೆ ಯಾಕೆ ಆಮೇಲೆ, ಅದು ಬರೀ. ನಾವೂ ತಿಳ್ಕೋತೀವಿ" ಎಂದರು.

ನಾನು ನನ್ನ ಪ್ರಬಂಧವನ್ನು ತಿದ್ದಿ, ಕೊನೆಯಲ್ಲಿರುವ ಆಕರಗಳ ಪಟ್ಟಿಯಲ್ಲಿ ಅತ್ತೆಯ ಹೆಸರು ಸೇರಿಸಿದೆ. ಪುಸ್ತಕಗಳ ನಡುವೆ ಅಕಾರಾದಿ ಕ್ರಮದಲ್ಲಿ ಅದು ಸರಿಯಾಗಿ ಹೋಗಿ ಕೂತಿತು. ಶನಿವಾರ ಮಧ್ಯಾಹ್ನ ಮೂರ್ತಿ ನೀರು ಬಿಡಲು ಹೋಗಿ, ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅವರಿಗೆ ಓದಿ ಹೇಳಿದೆ.

"ನನ್ ಹೆಸರಿಂದ ಹಿಂದೆ ಯಾರವರೆ?" ಎಂದು ಕೇಳಿದರು.

"ಒಬ್ರು ದೊಡ್ಡ ಪ್ರೊಫೆಸರು."

"ಮುಂದೆ?"

"ಅವರೂ ಪ್ರೊಫೆಸರೇ."

ಅತ್ತೆ ಎಲೆಅಡಿಕೆಯ ಚೀಲ ತೆಗೆದರು, ಮತ್ತೆ ಮುಚ್ಚಿದರು. ಬಾಗಿಲ ಕಡೆ ನೋಡಿದರು. "ಇದು ಯಾವಾಗ್ಲೂ ಇರುತ್ತಾ? ನಾನು ಹೋದ ಮೇಲೂ?"

"ಇರುತ್ತೆ ಅತ್ತೆ. ಕಾಲೇಜಿನ ಕಂಪ್ಯೂಟರಲ್ಲಿ ಇಟ್ಟಿರ್ತಾರೆ."

"ಹಂಗಾದ್ರೆ ಹೊಡ್ದಾಕ್ಬಿಡು ಕಣಮ್ಮ."

"ಯಾಕತ್ತೆ?"

"ಹೆಸರು ಹಾಕಿ ಸುಳ್ಳು ಬರಿಯೋದು ಬೇಡ. ಹೆಸರಿಲ್ದೆ ಇದ್ರೆ ಪರ್ವಾಗಿಲ್ಲ." ಅವರು ಮಂಡಿಯನ್ನು ಒಮ್ಮೆ ಸವರಿಕೊಂಡರು. "ಇದು ರಾಗಿ ಬೀಸಿ ಹೋದದ್ದಲ್ಲ. ಸೀಬೆಮರದಿಂದ ಬಿದ್ದದ್ದು."

ಆಮೇಲೆ ನಡೆದದ್ದನ್ನು ಹೇಳಿದರು. ಪಕ್ಕದ ಮನೆಯ ಹಿತ್ತಲಿನಲ್ಲಿ ಒಂದು ಸೀಬೆಮರವಿತ್ತಂತೆ, ಒಳಗೆ ಕೆಂಪಗಿರುವ ಜಾತಿ. ಆ ಮನೆಯ ಯಜಮಾನಿ ಯಾರಿಗೂ ಒಂದು ಕಾಯಿ ಕೊಡುತ್ತಿರಲಿಲ್ಲವಂತೆ. ಒಂದು ದಿನ ಅವರೆಲ್ಲ ಮದುವೆಗೆ ಹೋದಾಗ ಅತ್ತೆ ಬೇಲಿ ದಾಟಿ ಮರ ಹತ್ತಿದರು. ಆಗ ಅವರಿಗೆ ಮೂವತ್ತು ದಾಟಿತ್ತು, ಮೂರು ಮಕ್ಕಳಿದ್ದವು. ಎರಡು ಹಣ್ಣು ಕಿತ್ತು ಮಡಿಲಿಗೆ ಹಾಕಿಕೊಳ್ಳುವಾಗ ಕೊಂಬೆ ಮುರಿಯಿತು. ಕುಂಟುತ್ತ ಮನೆಗೆ ಬಂದವರಿಗೆ ಅವರ ಅತ್ತೆ ಎದುರಾದರು. ಏನಾಯಿತೇ ಎಂದಾಗ ಬಾಯಿಗೆ ಬಂದದ್ದು ಬೀಸೋಕಲ್ಲಿನ ಹೆಸರು. "ಬೀಸಿ ಬೀಸಿ ಮಂಡಿ ಹಿಡ್ಕೊಂಡ್ಬಿಡ್ತು ಅಂದೆ. ಪಾಪ, ನಮ್ಮತ್ತೆ ಅತ್ತೇಬಿಟ್ರು. ಇನ್ಮೇಲೆ ನೀನು ಬೀಸ್ಬೇಡ ಅಂದ್ರು. ಸುಳ್ಳು ಅಂತ ಆಮೇಲೆ ಹೆಂಗೆ ಹೇಳೋದು?"

"ಮತ್ತೆ ರಾಗಿ ಯಾರು ಬೀಸಿದ್ದು?"

ಅತ್ತೆ ಸೀರೆಯನ್ನು ಮಂಡಿಯ ಮೇಲೆ ಎಳೆದುಕೊಂಡರು. "ರಂಗ. ಹತ್ತು ವರ್ಷ ಆಗ. ನಾನೇ ಬೀಸ್ತೀನಿ ಬಿಡಮ್ಮ ಅಂದ. ಊರಿಗೆ ಮಿಲ್ಲು ಬರೋವರ್ಗೂ ಅವನೇ ಬೀಸ್ದ." ಸ್ವಲ್ಪ ತಡೆದು, "ಮೇಡಮ್ಮಂಗೆ ನಿಜಾನೇ ಬರೀ. ರಂಗನಿಗೆ ಮಾತ್ರ ಹೇಳ್ಬೇಡ" ಎಂದರು.

ನನ್ನ ಸಾವಿರದ ನಲವತ್ತು ಪದ ಒಂದೇ ಏಟಿಗೆ ಸೀಬೆಮರದಿಂದ ಬಿದ್ದಿತು. ಕೈಯಲ್ಲಿದ್ದದ್ದು ಒಂದು ದಿನ. ಮೊದಲು ಅಳು ಬಂತು. ಆಮೇಲೆ ನಗು ಬಂತು. ಒಲೆಯ ಮುಂದೆ ಕೂತು ಒಬ್ಬಳೇ ನಕ್ಕೆ. ನಕ್ಕು ಮುಗಿದ ಮೇಲೆ ಏನೋ ಅನ್ನಿಸಿತು. ಈ ಸಲ ಹಸಿವಲ್ಲ. ಮೂಳೆ ಸವೆದಿದೆ ಎನ್ನುವುದು ಗೊತ್ತಾಗಬಹುದು, ಯಾಕೆ ಸವೆಯಿತು ಎನ್ನುವುದು ಆ ಮನೆಯವರಿಗೇ ನಲವತ್ತು ವರ್ಷ ಗೊತ್ತಾಗದೆ ಇರಬಹುದು ಎಂದು ಬರೆಯಲು ಕೂತೆ. ಭಾನುವಾರ ಸಂಜೆಯೊಳಗೆ ಕಳಿಸಿದೆ. ಪಟ್ಟಿಯಲ್ಲಿ ಅತ್ತೆಯ ಹೆಸರಿನ ಮುಂದೆ, 'ಬಾಯಿಮಾತು. ಹಿಂದಿನ ಹೇಳಿಕೆಯನ್ನು ತಾವೇ ಹಿಂತೆಗೆದುಕೊಂಡಿದ್ದಾರೆ' ಎಂದು ಬರೆದೆ.

ಉಳಿದ ವಾರಗಳೂ ಪರೀಕ್ಷೆಯೂ ಹೇಗೋ ಮುಗಿದವು. ನನಗೆ ಆ ಪ್ರಬಂಧಕ್ಕೆ ಇಪ್ಪತ್ತೈದಕ್ಕೆ ಇಪ್ಪತ್ತೊಂದು ಬಂತು. ಮೂರ್ತಿಯ ವಾಲ್ವ್ ಪ್ರಬಂಧಕ್ಕೆ ಇಪ್ಪತ್ತೆರಡು. ಮೊದಲ ನಗರಗಳ ಕಾಲುವೆಗಳಿಂದ ಹಿಡಿದು ನಮ್ಮೂರಿನ ಕೆಳಗಿನ ಬೀದಿಯ ಬಿಂದಿಗೆಯ ಜಗಳದವರೆಗೆ ಅವನು ಬರೆದದ್ದನ್ನು ನಾನೂ ಓದಿದೆ. ಚೆನ್ನಾಗಿಯೇ ಇತ್ತು. ಆದರೂ ಆ ಒಂದು ಅಂಕ ನನಗೆ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಬಹಳ ದಿನ ಕಾಡಿತು ಎಂದು ಒಪ್ಪಿಕೊಳ್ಳುತ್ತೇನೆ. ಇಬ್ಬರೂ ಪಾಸಾದೆವು. ಈಗ ನನ್ನ ಕೈಕೆಳಗೆ ಇಪ್ಪತ್ತು ಅಂಗನವಾಡಿಗಳಿವೆ. ಮೂರ್ತಿಗೆ ಮದುವೆಯಾಗಿದೆ.

ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕೊನೆಯ ತರಗತಿಯ ವಿಷಯ ಹೇಳದಿದ್ದರೆ ನಾನೂ ಅತ್ತೆಯ ಹಾಗೆ ಏನನ್ನೋ ಮುಚ್ಚಿಟ್ಟಂತಾಗುತ್ತದೆ. ಅದು ಭಾನುವಾರದ ಬೆಳಗ್ಗೆ ಇತ್ತು. ಮನೆಯವರೆಲ್ಲರೂ ಕೇಳಲಿ ಎಂದು ಫೋನನ್ನು ಜಗಲಿಯ ಮೇಲೆ ಚೊಂಬಿಗೆ ಒರಗಿಸಿಟ್ಟಿದ್ದೆ. ಯಜಮಾನರು ಕಂಬಕ್ಕೆ ಒರಗಿ ಕಾಫಿ ಕುಡಿಯುತ್ತಿದ್ದರು. ಮೇಡಂ ಎಲ್ಲರಿಗೂ ಒಳ್ಳೆಯ ಮಾತು ಹೇಳಿ, "ಈ ಸಲದ ಬರಹಗಳಲ್ಲಿ ನನಗೆ ಇಷ್ಟವಾದ ಒಂದು ತುಂಡನ್ನ ಓದ್ತೀನಿ" ಎಂದರು. ಅವರು ಓದಲು ಶುರುಮಾಡಿದ ಮೇಲೆ ಅದು ಯಾವುದೆಂದು ನನಗೆ ತಿಳಿಯಿತು. ಫೋನಿನ ಕಡೆ ಕೈ ಚಾಚಿದೆ. ಗುಂಡಿ ಯಾವುದೆಂದು ಗಾಬರಿಯಲ್ಲಿ ಹೊಳೆಯಲಿಲ್ಲ.

"'ಮುನಿಲಕ್ಷ್ಮಮ್ಮನವರ ಎಡ ಮಂಡಿಯನ್ನು ಮುಂದೊಂದು ದಿನ ಯಾರಾದರೂ ಅಗೆದು ತೆಗೆದರೆ, ರಾಗಿ ಬೀಸಿ ಸವೆದ ಮಂಡಿ ಎಂದೇ ಬರೆದುಕೊಳ್ಳುತ್ತಾರೆ. ಅದು ಪಕ್ಕದ ಮನೆಯ ಸೀಬೆಮರದಿಂದ ಬಿದ್ದ ಮಂಡಿ ಎಂದು ಅವರಿಗೆ ತಿಳಿಯುವುದಿಲ್ಲ. ನಿಜವಾಗಿ ರಾಗಿ ಬೀಸಿದವನು ಹತ್ತು ವರ್ಷದ ಒಬ್ಬ ಹುಡುಗ. ಅವನ ಮೂಳೆಯಲ್ಲಿ ಏನೂ ಗುರುತಿಲ್ಲ.'"

ಯಜಮಾನರು ಲೋಟ ಕೆಳಗಿಟ್ಟರು. ಅತ್ತೆ ಅವರೆಕಾಯಿಯ ಮೊರವನ್ನು ಮುಖಕ್ಕೆ ಹತ್ತಿರ ಹಿಡಿದು ಹುಳ ಹುಡುಕತೊಡಗಿದರು.

"ಅಮ್ಮ."

"ಊಂ."

"ಆರು ವರ್ಷ ಬೀಸಿದೀನಿ ನಾನು."

"ಹೂಂ ಕಣೋ."

"ಸ್ಕೂಲಿಂದ ಬಂದು ಬೀಸ್ತಿದ್ದೆ. ಹುಡುಗರೆಲ್ಲ ಬೀದೀಲಿ ಗೋಲಿ ಆಡ್ತಿದ್ರು. ಹೆಂಗಸರ ಕೆಲಸ ಮಾಡ್ತಾನೆ ಅಂತ ನಗ್ತಿದ್ರು. ನಮ್ಮಮ್ಮಂಗೆ ಮಂಡಿ ನೋವು ಕಣ್ರಲೋ ಅಂತ ಅವರ ಜೊತೆ ಹೊಡೆದಾಡಿದೀನಿ. ಒಂದ್ಸಲ ಹಲ್ಲು ಮುರೀತು."

ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವರು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆ ಮೊರ ಇಳಿಸಿದರು. ಅವರಿಗೂ ಹಲ್ಲಿನ ವಿಷಯ ಹೊಸದಿರಬೇಕು. ನನಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ. ಫೋನಿನಲ್ಲಿ ಮೇಡಂ ಮತ್ತು ತರಗತಿಯವರೆಲ್ಲ ಉಸಿರು ಬಿಗಿಹಿಡಿದು ಕೇಳುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ನಮ್ಮ ಕಡೆಯ ಮೈಕು ತೆರೆದೇ ಇತ್ತು.

ಯಜಮಾನರು ಅಂಗಳ ನೋಡುತ್ತ, "ನಿನ್ನ ಮಂಡಿ ಹೋಯ್ತಲ್ಲ, ಅವತ್ತು ಸಂಜೆ ನಂಗೆ ಸೀಬೆಹಣ್ಣು ಕೊಟ್ಟಿದ್ದೆ. ಒಳಗೆ ಕೆಂಪಗಿತ್ತು. ಸಂತೆಯಿಂದ ತಂದದ್ದು ಅಂದಿದ್ದೆ" ಎಂದರು.

"ಎರಡು ಸಿಕ್ಕಿತ್ತು" ಎಂದರು ಅತ್ತೆ. "ಎರಡೂ ನಿನಗೇ ಕೊಟ್ಟೆ."

ಯಜಮಾನರು ತಲೆಯಾಡಿಸಿದರು. ಎದ್ದು, ಖಾಲಿ ಲೋಟವನ್ನು ಎತ್ತಿಕೊಂಡು, ಒಳಗೆ ಹೋಗುತ್ತ ತಾಯಿಯ ಪಕ್ಕದಲ್ಲಿ ಒಂದು ಕ್ಷಣ ನಿಂತರು.

"ಚೆನ್ನಾಗಿತ್ತು ಅದು" ಎಂದರು.